ಬೀಡಿ ಕಟ್ಟುವವರು ಅರ್ಥ ಹೇಳಬಹುದಾ?

ಪ್ರಶ್ನೆ: ಟೀಚರ್, ನಮಸ್ಕಾರ. ನನಗೆ 44 ವರ್ಷ. ಗುರುಪುರ ಕೈಕಂಬದ ಹತ್ತಿರ ನಮ್ಮ ಮನೆ. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಮನೆಕೆಲಸ ಮುಗಿಸಿ ದಿನಕ್ಕೆ 600-700 ಬೀಡಿ ಕಟ್ಟುತ್ತೇನೆ. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಅತ್ತೆ, ಕೆಲಸಕ್ಕೆ ಹೋಗುವ ಮಗ, ಪಿಯುಸಿ ಓದುವ ಮಗಳು ಇದ್ದಾರೆ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಊರಿನ ಭಜನಾ ಮಂದಿರದಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಇತ್ತು. ಚಾ ಹಂಚಲು ಹೋದವಳು ಹಾಗೆಯೇ ಹಿಂದಿನ ಬೆಂಚಿನಲ್ಲಿ ಕೂತೆ. ವಾಲಿವಧೆ ಪ್ರಸಂಗ. ಬಾಣ ತಾಗಿ ಬಿದ್ದ ವಾಲಿ ರಾಮನಿಗೆ ಕೇಳುವ ಪ್ರಶ್ನೆಗಳನ್ನು ಕೇಳಿ ರಾತ್ರಿ ನಿದ್ರೆ ಬರಲಿಲ್ಲ. ದೇವರಿಗೇ ಹಾಗೆಲ್ಲ ಕೇಳಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಬೀಡಿ ಕಟ್ಟುವಾಗ ಮೊಬೈಲಿನಲ್ಲಿ ತಾಳಮದ್ದಳೆಯನ್ನೇ ಹಾಕಿ ಕೇಳುತ್ತೇನೆ. ಪಕ್ಕದ ಊರಿನ ಮಹಿಳಾ ಮಂಡಲದಲ್ಲಿ ಭಾನುವಾರ ಸಂಜೆ 4ರಿಂದ 6ರವರೆಗೆ ಯಕ್ಷಗಾನ ಕ್ಲಾಸ್ ಶುರುವಾಗಿದೆ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡಲು, ಅಂದರೆ ಅರ್ಥ ಹೇಳಲು, ಕಲಿಯಬೇಕು ಅಂತ ಆಸೆ. ಗಂಡ "ಈ ಪ್ರಾಯದಲ್ಲಿ ಇದೊಂದು ಬಾಕಿ" ಎಂದು ನಗುತ್ತಾರೆ. ಹೆಂಗಸರು ಯಕ್ಷಗಾನ ಮಾಡಿದರೆ ಮನೆಗೆ ಒಳ್ಳೆಯದಲ್ಲ ಎಂದು ಅತ್ತೆ ಹೇಳುತ್ತಾರೆ. ಸಂಸ್ಕೃತ ಬಾರದವರಿಗೆ ಅರ್ಥ ಹೇಳಲು ಆಗುವುದಿಲ್ಲ ಎಂದು ಪಕ್ಕದ ಮನೆಯವರು. ನಮ್ಮ ಮನೆಮಾತು ತುಳು. ನನ್ನಿಂದ ಆಗುತ್ತದಾ? ದೋಷ ಏನಾದರೂ ಉಂಟಾ? ಖರ್ಚು ಜಾಸ್ತಿಯಾ? ಮನೆಯಲ್ಲಿ ಹೇಗೆ ಕೇಳುವುದು? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕಿಲ್ಲ, ಚಿಂತೆ ಬೇಡ.

ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತದ್ದು "ಚಾ ಹಂಚಲು ಹೋದವಳು ಕೂತೆ" ಎನ್ನುವ ಮಾತಿನ ಮೇಲೆ. ಹೆಂಗಸರಿಗೆ ಅರ್ಥಗಾರಿಕೆ ಕಲಿಸುವುದು ನನ್ನ ಕೆಲಸ. ನನ್ನ ಕ್ಲಾಸಿಗೆ ಬರುವವರಲ್ಲಿ ಹೆಚ್ಚಿನವರ ಕಥೆ ಹೀಗೆಯೇ. ಮಗಳನ್ನು ಹೆಜ್ಜೆ ಕಲಿಯಲು ಬಿಡಲು ಬಂದು ಬಾಗಿಲಲ್ಲೇ ನಿಂತವರು ಒಬ್ಬರು. ದೇವಸ್ಥಾನದಲ್ಲಿ ತರಕಾರಿ ಹೆಚ್ಚಲು ಹೋಗಿ, ಮೈಕಿನಲ್ಲಿ ಕೇಳಿದ ಮಾತಿಗೆ ಕಿವಿಕೊಟ್ಟವರು ಇನ್ನೊಬ್ಬರು. ತಾಳಮದ್ದಳೆಯ ಕೂಟ ಕೇಳಲಿಕ್ಕೇ ಅಂತ ಮನೆಯಿಂದ ಹೊರಟವರು ಬಹಳ ಕಡಿಮೆ. ಏನಾದರೊಂದು ಕೆಲಸದ ನೆಪ ಇರಲೇಬೇಕು.

ಪ್ರಾಯ, ದೋಷ, ಸಂಸ್ಕೃತ, ಎಲ್ಲದಕ್ಕೂ ಉತ್ತರ ಕೊಡುತ್ತೇನೆ. ಆದರೆ ನನ್ನ ಪ್ರಕಾರ ನಿಮ್ಮ ನಿಜವಾದ ತೊಡಕು ಆ ಎರಡು ಗಂಟೆ. ಮಡಿಲಲ್ಲಿ ಬೀಡಿಯ ತಡ್ಪೆ (ಮೊರ) ಇಲ್ಲದೆ, ಯಾರಿಗೂ ಚಾ ಕೊಡದೆ, ನಿಮಗೋಸ್ಕರ ಕೂರುವ ಎರಡು ಗಂಟೆ. ಅದು ಸಿಗದಿದ್ದರೆ ನಾನು ಬರೆಯುವ ಬೇರೆ ಯಾವ ಉತ್ತರವೂ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಅತ್ತೆಯ ಮಾತು. ಅದನ್ನು ಅವರೇನೂ ಹುಟ್ಟಿಸಿಕೊಂಡು ಹೇಳಿದ್ದಲ್ಲ, ಕೇಳಿಕೊಂಡು ಬಂದದ್ದನ್ನೇ ಹೇಳಿದ್ದಾರೆ. ನಮ್ಮ ಕಡೆ ಯಕ್ಷಗಾನದ ಮೇಳಗಳು, ಅಂದರೆ ತಂಡಗಳು, ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟರೆ ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ. ಹಿಂದೆ ಬಸ್ಸು ಲಾರಿ ಇಲ್ಲದ ಕಾಲದಲ್ಲಿ ಆರು ತಿಂಗಳು ಊರಿಂದ ಊರಿಗೆ ನಡೆದೇ ಹೋಗಬೇಕಿತ್ತು. ರಾತ್ರಿಯಿಡೀ ಕುಣಿಯುವುದು, ಹಗಲು ಸಿಕ್ಕಿದ ಜಗಲಿಯಲ್ಲಿ ಮಲಗುವುದು. ಆ ಬದುಕಿಗೆ ಹೆಂಗಸರನ್ನು ಯಾರು ಕಳಿಸುತ್ತಿದ್ದರು? ಹಾಗಾಗಿ ಸೀತೆ, ದ್ರೌಪದಿಯ ವೇಷವನ್ನೂ ಗಂಡಸರೇ ಕಟ್ಟಿದರು. ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಿಯೇ ಆಟ, ಅಂದರೆ ಪ್ರದರ್ಶನ, ಶುರುವಾಗುವುದು. ಅದರ ಜೊತೆಗೆ ಮಡಿ ಮೈಲಿಗೆಯ ಕಟ್ಟುಪಾಡುಗಳೂ ಸೇರಿದವು. ತಿರುಗಾಟದ ಕಷ್ಟಕ್ಕೆ ಮಾಡಿಕೊಂಡ ಏರ್ಪಾಡು ಕೊನೆಗೆ "ದೋಷ" ಎಂದಾಯಿತು. ಕ್ಷೇತ್ರದ ಮೇಳಗಳಲ್ಲಿ ಇವತ್ತಿಗೂ ವೇಷಧಾರಿಗಳು ಬಹುಮಟ್ಟಿಗೆ ಗಂಡಸರೇ. ಅದನ್ನು ಇಲ್ಲವೆನ್ನಲು ಆಗುವುದಿಲ್ಲ.

ಆದರೆ ನೀವು ಕಲಿಯಬೇಕೆಂದಿರುವುದು ತಾಳಮದ್ದಳೆ. ಅದರಲ್ಲಿ ಚೌಕಿಯೇ ಇಲ್ಲ. ಬಣ್ಣ, ಕಿರೀಟ, ಗೆಜ್ಜೆ ಯಾವುದೂ ಇಲ್ಲ. ಭಾಗವತರು ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಮಾತಾಡಿದರೆ ಮನೆಗೆ ಕೆಡುಕು ಎಂದು ಯಾವ ಪುರಾಣದಲ್ಲೂ ನಾನು ಓದಿಲ್ಲ.

ಒಂದು ಉದಾಹರಣೆ ನಿಮ್ಮ ಹತ್ತಿರದ್ದೇ. ಲೀಲಾವತಿ ಬೈಪಾಡಿತ್ತಾಯರ ಹೆಸರು ಕೇಳಿರಬಹುದು. ಬಜಪೆ ಕಡೆಯೇ ಇದ್ದವರು. ಮದುವೆಯಾಗಿ ಬಂದ ಮೇಲೆ ಯಕ್ಷಗಾನ ಕಲಿತು, ಭಾಗವತರಾಗಿ, ವೃತ್ತಿಮೇಳಗಳಲ್ಲಿ ಗಂಡಸರ ಸಾಲಿನಲ್ಲಿ ಕೂತು ರಾತ್ರಿಯಿಡೀ ಹಾಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಂದ ಕಲಿತವರು ಈಗ ಹಾಡುತ್ತಿದ್ದಾರೆ, ಕಲಿಸುತ್ತಿದ್ದಾರೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟಿನವರು ಹೈಸ್ಕೂಲು ಮಕ್ಕಳಿಗೆ ಕಲಿಸುತ್ತಾರಲ್ಲ, ಅಲ್ಲಿ ಕಿರೀಟ ಕಟ್ಟಿ ಕುಣಿಯುವ ಹುಡುಗಿಯರನ್ನು ನೋಡಲು ಅವರ ಅಜ್ಜಿಯಂದಿರೇ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಇದನ್ನೆಲ್ಲ ಅತ್ತೆಯ ಎದುರು ವಾದಕ್ಕೆ ಇಡಬೇಡಿ. ಬದಲಿಗೆ ಒಂದು ಮಾತು ಕೇಳಿ: ಅವರು ಸಣ್ಣವರಿದ್ದಾಗ ಆಟಕ್ಕೆ ಹೋಗುತ್ತಿದ್ದರಾ? ನಮ್ಮ ಕಡೆಯ ಹೆಂಗಸರು ವೇಷ ಕಟ್ಟದಿದ್ದರೂ ಚಾಪೆ ಹಿಡಿದುಕೊಂಡು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಗದ್ದೆಯಲ್ಲಿ ಕೂತು ಆಟ ನೋಡಿದವರೇ. ಯಾವ ಪ್ರಸಂಗದಲ್ಲಿ ಯಾರು ಸಾಯುತ್ತಾರೆ ಎಂದು ಅವರಿಗೆ ಬಾಯಿಪಾಠ. ನಿಮ್ಮ ಅತ್ತೆಗೂ ನಿಮಗಿಂತ ಜಾಸ್ತಿ ಪ್ರಸಂಗ ಗೊತ್ತಿರಬಹುದು. ಕೇಳಿ ನೋಡಿ, ಬಾಯಿ ಬಿಟ್ಟರೆ ಅವರೇ ನಿಮ್ಮ ಮೊದಲ ಗುರು.

ಈಗ ಸಂಸ್ಕೃತದ ವಿಷಯ. ಇದರಲ್ಲಿ ಅರ್ಧ ನಿಜ ಉಂಟು. ದೊಡ್ಡ ಕೂಟಗಳಲ್ಲಿ ಹೆಸರಾಂತ ಅರ್ಥಧಾರಿಗಳು ಶ್ಲೋಕ ಎತ್ತುತ್ತಾರೆ, ತರ್ಕ ಮಾಡುತ್ತಾರೆ. ಕೇಳುವವರಿಗೆ ಅದೇ ಅರ್ಥಗಾರಿಕೆ ಅನಿಸುತ್ತದೆ. ಆದರೆ ಅದು ಮೇಲಿನ ಅಲಂಕಾರ. ಕೆಲಸ ನಡೆಯುವ ಕ್ರಮ ಬೇರೆ. ಪ್ರಸಂಗ ಪುಸ್ತಕದಲ್ಲಿ ಇರುವುದು ಹಾಡುವ ಪದ್ಯ ಮಾತ್ರ, ಹಳೆಯ ಕನ್ನಡದಲ್ಲಿ. ಮಾತು ಎಲ್ಲಿಯೂ ಬರೆದಿರುವುದಿಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಕೂಡಲೇ ಆ ಪಾತ್ರವಾಗಿ ನೀವು ನಿಮ್ಮ ಮಾತಿನಲ್ಲಿ ಹೇಳಬೇಕು. ಎದುರಿನವರು ಏನು ಕೇಳುತ್ತಾರೆ ಎಂದು ಮೊದಲೇ ಗೊತ್ತಿರುವುದಿಲ್ಲ. ನಿಮಗೆ ಬೇಕಾದದ್ದು ಮೂರು: ಪದ್ಯ ಬಿಡಿಸಿ ಓದುವುದು, ಕಥೆ ಸರಿಯಾಗಿ ಗೊತ್ತಿರುವುದು, ಎದುರಿನವರ ಮಾತನ್ನು ಕಿವಿಗೊಟ್ಟು ಕೇಳುವುದು. ಮೂರನೆಯದು ಓದಿದವರಲ್ಲಿ ಬಹಳ ಕಡಿಮೆ, ಇದು ನನ್ನ ಅನುಭವ. ಅವರು ಮನೆಯಿಂದ ಬರೆದು ತಂದದ್ದನ್ನು ಹೇಳಿ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ.

ತುಳು ಮನೆಮಾತು ಎಂಬ ಹೆದರಿಕೆ ಬಿಡಿ. ಕೂಟದಲ್ಲಿ ಆಡುವ ಆ ಕನ್ನಡವನ್ನು ಯಾರ ಮನೆಯಲ್ಲೂ ಮಾತಾಡುವುದಿಲ್ಲ. ತುಳು, ಹವ್ಯಕ, ಕೊಂಕಣಿ, ಮಲಯಾಳ ಮಾತಾಡುವ ಮನೆಗಳಿಂದ ಬಂದವರೆಲ್ಲ ಅದನ್ನು ಕಲಿತೇ ಆಡುವುದು. ಹೆಸರಾಂತ ಅರ್ಥಧಾರಿ ಕುಂಬಳೆ ಸುಂದರ ರಾಯರ ಮನೆಮಾತು ಮಲಯಾಳ. ಶಾಲೆ ಓದಿದ್ದೂ ಕಡಿಮೆ. ಆದರೆ ಪ್ರಾಸ ಹೆಣೆದು ಅವರು ಮಾತಾಡತೊಡಗಿದರೆ ಸಭೆ ಅಲ್ಲಾಡುತ್ತಿರಲಿಲ್ಲ. ಆ ಮಾತಿನ ಬಲ ಎಷ್ಟಿತ್ತೆಂದರೆ 1994ರಲ್ಲಿ ಸುರತ್ಕಲ್‌ನವರು ಅವರನ್ನು ಶಾಸಕರನ್ನಾಗಿಯೂ ಮಾಡಿದರು.

ಕ್ಲಾಸಿನಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ, ನಿಮಗೆ ಧೈರ್ಯ ಬಂದೀತು. ಹೊಸಬರಿಗೆ ನಾನು ವಾಲಿವಧೆಯಲ್ಲಿ ವಾಲಿಯ ಹೆಂಡತಿ ತಾರೆಯ ಪಾತ್ರವನ್ನೇ ಕೊಡುತ್ತೇನೆ. ಸುಗ್ರೀವ ಒಮ್ಮೆ ಪೆಟ್ಟು ತಿಂದು ಓಡಿದ್ದಾನೆ. ಈಗ ಮತ್ತೆ ಬಂದು ಬಾಗಿಲಲ್ಲಿ ಕೂಗುತ್ತಿದ್ದಾನೆ. ವಾಲಿ ಸಿಟ್ಟಿನಲ್ಲಿ ಎದ್ದಿದ್ದಾನೆ. ತಾರೆ ತಡೆಯಬೇಕು. ಈ ಜಾಗಕ್ಕೆ ಬಂದಾಗ ಒಬ್ಬರು ಪದ್ಯ ಓದಿ ಸುಮ್ಮನೆ ಕೂತರು. "ಏನು ಹೇಳುವುದು ಟೀಚರ್, ನನಗೆ ದೊಡ್ಡ ಮಾತು ಬರುವುದಿಲ್ಲ" ಎಂದರು. ನಾನು ಕೇಳಿದೆ, "ನಿಮ್ಮ ಯಜಮಾನರು ರಾತ್ರಿ ಹೊತ್ತು ತಮ್ಮನ ಮನೆಗೆ ಜಗಳಕ್ಕೆ ಹೊರಟರೆ ನೀವು ಏನು ಹೇಳುತ್ತೀರಿ?" ಅವರು ಯೋಚನೆಯೇ ಮಾಡಲಿಲ್ಲ. "ಇತ್ತೆ ಪೋವೊಡ್ಚಿ, ಒಂತೆ ಉಂತುಲೆ" (ಈಗ ಹೋಗಬೇಡಿ, ಸ್ವಲ್ಪ ನಿಲ್ಲಿ) ಎಂದು ತುಳುವಿನಲ್ಲಿ ಹೇಳಿದರು. ಆಮೇಲೆ ತಾವಾಗಿಯೇ ಮುಂದುವರಿಸಿದರು: ಸೋತು ಓಡಿದವನು ಅರ್ಧ ಗಂಟೆಯಲ್ಲಿ ತಿರುಗಿ ಬರುತ್ತಾನೆ ಎಂದರೆ ಅವನ ಬೆನ್ನಿಗೆ ಯಾರೋ ಇದ್ದಾರೆ. ರಾಮಾಯಣದ ತಾರೆ ಹೇಳುವುದೂ ಅದನ್ನೇ! ನಾವು ಮಾಡಿದ್ದು ಇಷ್ಟೇ, ಆ ಮಾತನ್ನು ಕೂಟದ ಕನ್ನಡಕ್ಕೆ ತಂದದ್ದು. "ಒಂದು ಕ್ಷಣ ನಿಲ್ಲಬೇಕು ಸ್ವಾಮಿ" ಎಂದು ಶುರುಮಾಡಿ, ತಿಂಗಳೊಳಗೆ ಅವರು ಹತ್ತು ನಿಮಿಷ ತಾರೆಯ ಅರ್ಥ ಹೇಳುವಂತಾದರು. ವಾಲಿ ಮಾಡಿದವರು "ಹೆಂಗಸರಿಗೆ ಯುದ್ಧದ ವಿಷಯ ಏನು ಗೊತ್ತು?" ಎಂದು ಕೆಣಕಿದರು. ಅದಕ್ಕೆ ಇವರು ಕೊಟ್ಟ ಉತ್ತರ ನಾನು ಕಲಿಸಿದ್ದಲ್ಲ. "ಯುದ್ಧ ಗೊತ್ತಿಲ್ಲ, ನಿಮ್ಮ ಸಿಟ್ಟು ಗೊತ್ತು" ಎಂದರು.

ಪ್ರಾಯ ಅಡ್ಡಿಯಾ ಎಂದರೆ, ಕುಣಿತಕ್ಕೆ ಹೌದು, ಸ್ವಲ್ಪ ಅಡ್ಡಿಯೇ. ವರ್ಷಗಟ್ಟಲೆ ಕಾಲು ಮಡಚಿ, ಬೆನ್ನು ಬಾಗಿಸಿ ಬೀಡಿ ಕಟ್ಟಿದವರಿಗೆ ಮಂಡಿ, ಸೊಂಟ, ಕತ್ತು ಮೊದಲೇ ನೋಯುತ್ತಿರುತ್ತದೆ. ನಮ್ಮ ತೆಂಕುತಿಟ್ಟಿನ ಯಕ್ಷಗಾನದ ಧೀಂಗಿಣಕ್ಕೆ, ಅಂದರೆ ಹಾರಿ ಸುತ್ತುವ ಕುಣಿತಕ್ಕೆ, ಇಪ್ಪತ್ತರ ಹುಡುಗರೇ ಏದುಸಿರು ಬಿಡುತ್ತಾರೆ. ಹೆಜ್ಜೆ ಕಲಿಯಿರಿ, ತಾಳ ಅರ್ಥವಾಗುತ್ತದೆ. ಹಾರಲು ಹೋಗಬೇಡಿ. ಭಾಗವತಿಕೆ ಮಾಡಬೇಕೆಂದು ಮುಂದೆ ಅನಿಸಬಹುದು, ಅದಕ್ಕೆ ಸ್ವರಜ್ಞಾನ, ವರ್ಷಗಟ್ಟಲೆ ಅಭ್ಯಾಸ ಎರಡೂ ಬೇಕು. ಅರ್ಥಕ್ಕೆ ಮಾತ್ರ ಪ್ರಾಯವೇ ಬಂಡವಾಳ. ಅತ್ತೆ, ಗಂಡ, ಮಕ್ಕಳು, ನೆರೆಕರೆ ಎಲ್ಲರ ನಡುವೆ ಇಪ್ಪತ್ತು ವರ್ಷ ಮಾತು ನಿಭಾಯಿಸಿದವರಿಗೆ ಮಂಡೋದರಿಯಾಗಲಿ ಕೈಕೇಯಿಯಾಗಲಿ ದೂರದವರಲ್ಲ.

ಒಂದು ಆರೋಗ್ಯದ ಮಾತು. ಹೊಗೆಸೊಪ್ಪಿನ ಧೂಳಿನಿಂದ ಕೆಮ್ಮು, ಗಂಟಲು ಕೆರೆತ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಕಿಟಕಿ ಬಾಗಿಲು ತೆರೆದ ಕಡೆ ಕೂತು ಕಟ್ಟಿ. ಕ್ಲಾಸಿಗೆ ಹೊರಡುವ ಮೊದಲು ಕೈ, ಮುಖ ತೊಳೆದು, ಬಾಯಿ ಮುಕ್ಕಳಿಸಿ, ಸೀರೆ ಬದಲಿಸಿ. ಗಂಟಲು ಕೆಟ್ಟ ದಿನ ಜೋರಾಗಿ ಮಾತಾಡಬೇಡಿ, ಕೂತು ಕೇಳಿ.

ಖರ್ಚಿನದ್ದು ಚಿಕ್ಕ ವಿಷಯ. ತಾಳಮದ್ದಳೆಗೆ ಒಂದು ಪ್ರಸಂಗ ಪುಸ್ತಕ, ಒಂದು ನೋಟ್ ಪುಸ್ತಕ ಸಾಕು. ಎಷ್ಟೋ ಹಳೆಯ ಪ್ರಸಂಗಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ರಾಮಾಯಣದ ಪ್ರಸಂಗಗಳಿಗೆ ಹಳೆಯ ಕವಿ ಪಾರ್ತಿಸುಬ್ಬನ ಹೆಸರು ಹಾಕಿ ಹುಡುಕಲು ಮಗಳಿಗೆ ಹೇಳಿ. ಪಂಚಾಯತಿನ ಲೈಬ್ರರಿ, ಅರಿವು ಕೇಂದ್ರದಲ್ಲೂ ವಿಚಾರಿಸಿ. ಕ್ಲಾಸಿನ ಫೀಸು ಒಂದೊಂದು ಕಡೆ ಒಂದೊಂದು ತರ, ಮೊದಲೇ ಕೇಳಿ. ಬಸ್ಸಿನದ್ದೂ ಲೆಕ್ಕ ಹಾಕಿ. ಶಕ್ತಿ ಯೋಜನೆಯ ಫ್ರೀ ಟಿಕೆಟ್ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿಯವರ ಸರ್ವಿಸ್ ಬಸ್ಸು, ಅದಕ್ಕೆ ದುಡ್ಡು ಕೊಡಲೇಬೇಕು. ಗೃಹಲಕ್ಷ್ಮಿಯ 2000 ಇದೆಯಲ್ಲ ಎನ್ನಬಹುದು, ಆದರೆ ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿಯಾಗಿದ್ದರೆ ಅದು ಬರುವುದು ಅವರ ಖಾತೆಗೆ. ಇಂಥ ಮನೆಗಳ ಲೆಕ್ಕ ನನಗೆ ಗೊತ್ತು.

ಈಗ ಆ ಎರಡು ಗಂಟೆಗೆ ಬರುತ್ತೇನೆ. ಬೀಡಿ ಕಟ್ಟುವ ಮನೆಯಲ್ಲಿ ಹೊತ್ತಿಗೆ ನೇರ ಬೆಲೆ ಉಂಟು. ಬೇರೆ ಮನೆಯವರು "ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ" ಎಂದು ಸುಲಭವಾಗಿ ಹೇಳುತ್ತಾರೆ. ನಿಮಗೆ ಎರಡು ಗಂಟೆ ಎಂದರೆ ಸುಮಾರು 150 ಬೀಡಿ. ಭಾನುವಾರ ಕಡಿಮೆಯಾದದ್ದು ಸೋಮವಾರ ಬೀಡಿ ಕೊಡುವ ಬ್ರಾಂಚಿನಲ್ಲಿ ಕಾಣುತ್ತದೆ. ಮನೆಯವರ ಬಾಯಲ್ಲಿ ಪ್ರಾಯ, ದೋಷ ಎಂದು ಬರುವ ಮಾತಿನ ಹಿಂದೆ ಈ ಲೆಕ್ಕವೇ ಇರುತ್ತದೆ. ನಿಮ್ಮ ಮನಸ್ಸಿನಲ್ಲೂ ಇದೆ, ಅಲ್ವಾ? ಹಾಗಾಗಿ ಅದನ್ನು ನೀವೇ ಮೊದಲು ಹೇಳಿಬಿಡಿ. "ಭಾನುವಾರ 150 ಬೀಡಿ ಕಮ್ಮಿಯಾಗುತ್ತದೆ, ಅದರ ಮಜೂರಿ ಇಷ್ಟು" ಎಂದು. ಲೆಕ್ಕ ಹಾಕಿದರೆ ಅದು ಇಬ್ಬರು ಹೋಟೆಲಿಗೆ ಹೋಗಿ ಚಾ ತಿಂಡಿ ಮಾಡುವ ದುಡ್ಡಿಗಿಂತ ಜಾಸ್ತಿ ಆಗಲಿಕ್ಕಿಲ್ಲ. ಬೇರೆ ದಿನ ಅರ್ಧ ಗಂಟೆ ಹೆಚ್ಚು ಕೂತು ಅದನ್ನು ತುಂಬಿಸುತ್ತೇನೆ ಎಂದು ಮಾತ್ರ ಒಪ್ಪಿಕೊಳ್ಳಬೇಡಿ. ಹಾಗೆ ಒಪ್ಪಿದವರು ಮೂರು ತಿಂಗಳಲ್ಲಿ ಸುಸ್ತಾಗಿ ಕ್ಲಾಸು ಬಿಟ್ಟದ್ದನ್ನು ನೋಡಿದ್ದೇನೆ.

ಮನೆಯಲ್ಲಿ "ಯಕ್ಷಗಾನ ಕಲಿಯಲಾ?" ಎಂದು ಕೇಳಿದರೆ ಚರ್ಚೆ ಯಕ್ಷಗಾನದ ಮೇಲೆ ಹೋಗುತ್ತದೆ. ಅದರ ಬದಲು "ಭಾನುವಾರ 4ರಿಂದ 6ರವರೆಗೆ ನಾನು ಇರುವುದಿಲ್ಲ, ಚಾ ಯಾರು ಮಾಡುತ್ತೀರಿ?" ಎಂದು ಕೇಳಿ. ಆ ಕೆಲಸವನ್ನು ಮಗಳ ತಲೆಗೆ ಹಾಕಬೇಡಿ. ಅವಳಿಗೆ ಪಿಯುಸಿ ಓದು ಉಂಟು. ಕೆಲಸಕ್ಕೆ ಹೋಗುವ ಮಗನಿಗೆ ಭಾನುವಾರ ರಜೆ ತಾನೇ? ನೀರು ಕುದಿಸಲು ಅವನಿಗೂ ಬರುತ್ತದೆ.

ಗಂಡ ನಗುತ್ತಾರೆ ಎಂದಿದ್ದೀರಿ. ನಗು ಬೇರೆ, ಬೇಡ ಎನ್ನುವುದು ಬೇರೆ. ಆಟ ಇದ್ದ ರಾತ್ರಿ ಅವರೂ ಹೋಗುತ್ತಾರಾ? ಹೋಗಿ ಕುರ್ಚಿಯಲ್ಲಿ ನಿದ್ರೆ ಮಾಡಿ ಬಂದರೂ ನಮ್ಮ ಊರಲ್ಲಿ ಗಂಡಸರನ್ನು ಯಾರೂ ಯಾಕೆ ಹೋದದ್ದು ಎಂದು ಕೇಳುವುದಿಲ್ಲ. ಅದನ್ನು ಕುಟುಕಲು ಹೇಳುವುದು ಬೇಡ. ಮುಂದಿನ ಕೂಟಕ್ಕೆ ಜೊತೆಗೆ ಕರೆದುಕೊಂಡು ಹೋಗಿ. ಈಗ ಎಷ್ಟೋ ಮೇಳಗಳ ಆಟ ಕಾಲಮಿತಿಯಲ್ಲಿ ನಡುರಾತ್ರಿಗೆ ಮುಗಿಯುತ್ತದೆ. ಮಳೆಗಾಲದ ತಾಳಮದ್ದಳೆಗಳಂತೂ ಹೆಚ್ಚಾಗಿ ಮಧ್ಯಾಹ್ನ, ಸಂಜೆಯೇ ಇರುತ್ತವೆ. ನಗು ಹೋಗಿ ಬೈಗುಳ, ಹೊಡೆತದ ಮಾತು ಬಂದರೆ ಅದು ಯಕ್ಷಗಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಗ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ನಿಮ್ಮ ಕಾಗದದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಮನೆಯಿಂದ ಹೊರಡಲು ಆಗದ ವಾರಗಳೂ ಬರುತ್ತವೆ. ಆಗ ಮೊಬೈಲು, ರೇಡಿಯೋ ಇವೆ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದಾಗಿನಿಂದ ನಮ್ಮ ಬೀಡಿ ಮನೆಗಳ ಜಗಲಿಯಲ್ಲಿ ರೇಡಿಯೋ ಹಾಡುತ್ತಲೇ ಬಂದಿದೆ. ಶೇಣಿ, ಸಾಮಗರಂಥ ದೊಡ್ಡ ಅರ್ಥಧಾರಿಗಳ ಅರ್ಥವನ್ನು ಕೈ ಕೆಲಸದ ನಡುವೆ ಕೇಳಿಯೇ ಬಾಯಿಪಾಠ ಮಾಡಿಕೊಂಡ ಹೆಂಗಸರನ್ನು ನಾನು ಬಲ್ಲೆ. ಆದರೆ ಕೆಲಸದ ಜೊತೆಗೆ ಕೇಳುವಾಗ ಕಿವಿಗೆ ಬೀಳುವುದು ಅರ್ಧ. ವಾರಕ್ಕೆ ಒಂದು ಪದ್ಯವನ್ನಾದರೂ ಪುಸ್ತಕ ತೆರೆದು, ಕೈ ಖಾಲಿ ಇಟ್ಟುಕೊಂಡು ಕೇಳಿ. ರಾಮ ವಾಲಿಗೆ ಕೊಡುವ ಉತ್ತರವನ್ನೂ ಕೇಳಿ, ಬರೀ ವಾಲಿಯ ಪ್ರಶ್ನೆಗೆ ನಿಲ್ಲಿಸಬೇಡಿ. ತಮ್ಮನ ಹೆಂಡತಿ ರುಮೆಯ ವಿಷಯ ಅಲ್ಲಿ ಬರುತ್ತದೆ. ಎರಡೂ ಕಡೆ ಕೇಳಿದ ಮೇಲೆ ಯಾರು ಸರಿ ಎಂದು ನಿಮಗೆ ಅನಿಸಿತು, ನನಗೆ ಬರೆಯಿರಿ. ನನಗೆ ಕೇಳುವ ಕುತೂಹಲ ಉಂಟು.

ಕ್ಲಾಸಿನ ಬಗ್ಗೆ ಒಂದು ಎಚ್ಚರ. ಕೆಲವು ಕಡೆ ಸೇರಿ ಮೂರು ತಿಂಗಳಾಗುವ ಮೊದಲೇ ವಾರ್ಷಿಕೋತ್ಸವಕ್ಕೆ ವೇಷ ಕಟ್ಟಿಸುತ್ತಾರೆ. ಬಣ್ಣದವರು, ವೇಷದ ಬಾಡಿಗೆ, ಹಿಮ್ಮೇಳದವರ ಸಂಭಾವನೆ ಎಲ್ಲ ಸೇರಿ ಒಬ್ಬೊಬ್ಬರ ಪಾಲಿಗೆ ನಿಮಗೆ ಭಾರವಾಗುವಷ್ಟು ಬರುತ್ತದೆ. ಮರುದಿನ ಫೋಟೋ ಊರಿನ ಎಲ್ಲ ವಾಟ್ಸ್ಆ್ಯಪ್ ಗ್ರೂಪಿಗೂ ಹೋಗುತ್ತದೆ. ಆಮೇಲೆ ಮನೆಯಲ್ಲಿ ಶುರುವಾಗುವ ಮಾತು ಬೇರೆ. ಮೊದಲ ವರ್ಷ ವೇಷ ಬೇಡ, ಕೂಟದಲ್ಲಿ ಮಾತ್ರ ಕೂರುತ್ತೇನೆ ಎಂದು ಸೇರುವಾಗಲೇ ಹೇಳಿ. ಕೂಟದಲ್ಲಿ ಕೂರಲೂ ಅವಸರ ಬೇಡ. ತಾಳಮದ್ದಳೆಗೆ ಒಳ್ಳೆಯ ಕೇಳುಗರೂ ಬೇಕು, ಈಗ ಅವರೇ ಕಡಿಮೆ. ಕೊನೆಗೆ ಅರ್ಥ ಹೇಳದೆ ಕೇಳುಗರಾಗಿಯೇ ಉಳಿದರೂ ನೀವು ಸೋತಂತಲ್ಲ.

ಈ ಭಾನುವಾರ ಸೇರಬೇಡಿ, ಒಮ್ಮೆ ಕೂತು ನೋಡಿ ಬನ್ನಿ. ಗುರುಗಳು ಪದ್ಯ ಬಿಡಿಸಿ, ಅರ್ಥ ಹೇಳಿ, "ಈಗ ನೀವು ಹೇಳಿ" ಎನ್ನುತ್ತಾರಾ, ಅಥವಾ ತಾವು ಬರೆದ ಮಾತನ್ನು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತಾರಾ ಗಮನಿಸಿ. ಬಾಯಿಪಾಠ ಮಾಡಿಸುವವರಾದರೆ ಸೇರಬೇಡಿ. ಮಂಗಳೂರು, ಮೂಡಬಿದಿರೆ ಕಡೆ ಬೇರೆ ಮಹಿಳಾ ತಂಡಗಳು ಬೇಕಾದಷ್ಟಿವೆ. ಯಾವುದಕ್ಕೆ ಬಸ್ಸು ಸರಿಯಾಗುತ್ತದೆ ನೋಡಿಕೊಂಡು ವಿಚಾರಿಸಿ.